ತಂಗಿಗೆ ವಾಲ್ವ್ ಬದಲಿಸಬೇಕಂತೆ: ಲೋಹದ್ದಾ, ಟಿಶ್ಯೂದಾ?

ಕಲ್ಪತರು ತಿಪಟೂರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆದಿದ್ದನ್ನೆಲ್ಲ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಕೇಳುವ ಸರದಿ ನನ್ನದು.

ನನ್ನ ತಂಗಿಗೆ 34 ವರ್ಷ. ಚಿಕ್ಕವಳಿದ್ದಾಗ ಅವಳಿಗೆ ಗಂಟಲು ನೋವು ಬಂದು, ಆಮೇಲೆ ಮಂಡಿ ಊದಿಕೊಂಡು ಜ್ವರ ಬಂದಿತ್ತು. ಶೀತ ಅಂದುಕೊಂಡು ಕಷಾಯ ಕುಡಿಸಿದ್ದೆವು. ಅದು ರುಮ್ಯಾಟಿಕ್ ಜ್ವರ, ಹೃದಯದ ವಾಲ್ವನ್ನೇ ತಿಂದುಹಾಕಿದೆ ಅಂತ ಗೊತ್ತಾಗಿದ್ದು 2011ರಲ್ಲಿ. ಕಾಲೇಜಿನ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕೂತುಬಿಟ್ಟಿದ್ದಳು. ಬೆಂಗಳೂರಿನ ಜಯದೇವದಲ್ಲಿ ಬಲೂನ್ ಮಾಡಿದರು. ತೊಡೆಯ ಸಂದಿಯಿಂದ ತಂತಿ ಬಿಟ್ಟು, ಅಂಟಿಕೊಂಡಿದ್ದ ಮೈಟ್ರಲ್ ವಾಲ್ವ್ ಒಳಗೆ ಬಲೂನ್ ಉಬ್ಬಿಸಿ ಬಿಡಿಸಿದರು. ಮೂರನೇ ದಿನ ಮನೆಗೆ ಬಂದಳು. ಆಮೇಲೆ ಮದುವೆ ಆಯಿತು, ಮಗಳು ಹುಟ್ಟಿದಳು. ಹದಿಮೂರು ವರ್ಷ ನಾವು ಆ ವಿಷಯವನ್ನೇ ಮರೆತಿದ್ದೆವು.

ಹೋದ ದೀಪಾವಳಿಯಿಂದ ಮತ್ತೆ ಶುರುವಾಗಿದೆ. ಎರಡು ದಿಂಬು ಇಟ್ಟುಕೊಂಡು ಮಲಗುತ್ತಾಳೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ವಾಲ್ವ್ ತೆರೆಯುವ ಜಾಗ 0.9 ಚದರ ಸೆಂಟಿಮೀಟರ್ ಅಂತೆ. ಲೀಕ್ ಕೂಡ ಜಾಸ್ತಿ ಇದೆ, ಕ್ಯಾಲ್ಸಿಯಂ ಕಟ್ಟಿದೆ. ಎದೆಬಡಿತ ತಾಳ ತಪ್ಪಿದೆ, ಅದಕ್ಕೆ ಎಎಫ್ ಅಂತ ಬರೆದಿದ್ದಾರೆ. ಇನ್ನೊಂದು ಸಲ ಬಲೂನ್ ಆಗಲ್ಲ, ವಾಲ್ವ್ ಬದಲಿಸಲೇಬೇಕು ಅಂದರು. ಕೊನೆಗೆ ಸರ್ಜನ್ ಒಂದು ಮಾತು ಹೇಳಿದರು: "ಲೋಹದ್ದು ಬೇಕಾ, ಟಿಶ್ಯೂದು ಬೇಕಾ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ."

ಅದೇನು ಸೀರೆ ಅಂಗಡಿನಾ ಸ್ವಾಮಿ, ಮನೆಯಲ್ಲಿ ಮಾತಾಡಿಕೊಂಡು ಬರೋಕೆ?

ಅಪ್ಪ ಹೇಳೋದು ಲೋಹದ್ದೇ ಇರಲಿ, ಒಂದೇ ಸಲಕ್ಕೆ ಮುಗಿಯುತ್ತೆ ಅಂತ. ಅವಳ ಅತ್ತೆ ಮನೆಯವರು ಟಿಶ್ಯೂದು ಅನ್ನುತ್ತಾರೆ, ಇನ್ನೊಂದು ಮಗು ಬೇಕು ಅಂತ. ನಾನು ರಾತ್ರಿ ಎರಡು ಗಂಟೆ ತನಕ ಫೋನ್ ಹಿಡಿದು ಕೂತಿರುತ್ತೇನೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಟಿಕ್‌ಟಿಕ್ ಮೇಷ್ಟ್ರು

ನಾನು 1998ರಿಂದ ಲೋಹದ ವಾಲ್ವಿನ ಗಿರಾಕಿ. ಊರು ಚನ್ನಗಿರಿ ಕಡೆ. ನಿವೃತ್ತ ಮೇಷ್ಟ್ರು.

ಲೋಹ ಅಂತ ಹೆಸರಷ್ಟೇ. ನನ್ನದು ಎರಡು ಸಣ್ಣ ರೆಕ್ಕೆ ಇರುವಂಥದ್ದು, ರೆಕ್ಕೆಗಳು ಒಂದು ಬಗೆಯ ಗಟ್ಟಿ ಇಂಗಾಲದವು. ತೆರೆದು ಮುಚ್ಚುವಾಗ ಟಿಕ್ ಅನ್ನುತ್ತವೆ. ಹೆಸರು ಯಾಕೆ ಹೀಗೆ ಇಟ್ಟುಕೊಂಡಿದ್ದೇನೆ ಅಂತ ಈಗ ಗೊತ್ತಾಯಿತಲ್ವಾ? ಒಂದು ಸಲ ಅರ್ಧವಾರ್ಷಿಕ ಪರೀಕ್ಷೆ. ಹುಡುಗರೆಲ್ಲ ತಲೆ ಬಗ್ಗಿಸಿ ಬರೆಯುತ್ತಿದ್ದರು. ಮುಂದಿನ ಬೆಂಚಿನವನು ಸುತ್ತ ಗೋಡೆಗಳನ್ನೆಲ್ಲ ನೋಡಿ, "ಸಾರ್, ಗಡಿಯಾರ ಎಲ್ಲಿದೆ? ಎಷ್ಟೊತ್ತಾಯ್ತು?" ಅಂದ. ನನ್ನ ಎದೆಯಲ್ಲಿದೆ ಕಣೋ ಅಂತ ಹೇಳೋಕಾಗುತ್ತಾ? ನೀನು ಬರಿ ಅಂದೆ.

ಸದ್ದಿಗೆ ಮೂರು ತಿಂಗಳಲ್ಲಿ ಒಗ್ಗಿಕೊಂಡೆ. ಒಗ್ಗಿಕೊಳ್ಳೋಕೆ ವರ್ಷಗಳು ಹಿಡಿದದ್ದು ಮಾತ್ರೆಗೆ. ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತೆ. ಅದಕ್ಕೇ ಬದುಕಿರುವ ತನಕ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ವಾರ್ಫರಿನ್ ಅಥವಾ ಅಸಿಟ್ರೋಮ್. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಎಷ್ಟಿದೆ ಅಂತ ನೋಡೋಕೆ ಐಎನ್ಆರ್ ಟೆಸ್ಟ್, ಮೊದಮೊದಲು ವಾರವಾರ, ಆಮೇಲೆ ತಿಂಗಳಿಗೊಮ್ಮೆ. ನಾನು ಪ್ರತಿ ಟೆಸ್ಟಿನ ತಾರೀಖು, ಅಂಕಿ, ಎಷ್ಟು ಮಾತ್ರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈಗ ಹನ್ನೊಂದನೇ ನೋಟ್‌ಬುಕ್.

ಆಗ ಈ ಟೆಸ್ಟಿಗೆ ದಾವಣಗೆರೆಗೆ ಹೋಗಬೇಕಿತ್ತು. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆ. ಒಂದು ದಿನದ ರಜೆ, ಬಸ್ ಚಾರ್ಜು, ಊಟ. ಹಾಗಾಗಿ ನನ್ನ ಮೊದಲ ಪ್ರಶ್ನೆ: ನಿಮ್ಮ ತಂಗಿಯ ಮನೆಯಿಂದ ಲ್ಯಾಬ್ ಎಷ್ಟು ದೂರ? ಯಾವ ವಾಲ್ವ್ ಅಂತ ಕೇಳುವ ಮುಂಚೆ ಇದನ್ನು ನೋಡಿ.

ಕಲ್ಪತರು ತಿಪಟೂರು

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಅವಳ ಗಂಡನ ಮನೆ ತುರುವೇಕೆರೆ ಹತ್ತಿರದ ಹಳ್ಳಿ. ಟೆಸ್ಟ್ ಮಾಡುವ ಲ್ಯಾಬ್ ತಿಪಟೂರಿನಲ್ಲಿದೆ, ನಮ್ಮ ಮನೆಯಿಂದ ನಡೆದುಕೊಂಡೇ ಹೋಗಬಹುದು. ಅವಳಿಗೆ ಬಸ್ಸು ಬೇಕು.

ಅರ್ಜುನ ಮರ

ಆಪರೇಷನ್ ಅಂದ ತಕ್ಷಣ ಒಪ್ಪಬೇಡಿ. ಮತ್ತಿ ಚಕ್ಕೆ ಹಾಲಲ್ಲಿ ಕುದಿಸಿ 3 ತಿಂಗಳು ಕುಡಿಸಿ. ನಮ್ಮ ಕಡೆ ಎಷ್ಟೋ ಜನರಿಗೆ ಬ್ಲಾಕ್ ಕರಗಿದೆ.

ಡಾಕ್ಟರಮ್ಮ ಕಲಬುರಗಿ

ಇದು ಬ್ಲಾಕ್ ಅಲ್ಲ ಸರ್, ವಾಲ್ವ್. ಎರಡೂ ಬೇರೆ ಕಾಯಿಲೆ. ಬ್ಲಾಕ್ ಅನ್ನೋದು ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ. ಇದು ಹೃದಯದ ಒಳಗಿನ ಬಾಗಿಲು. ಆರೋಗ್ಯವಂತರಲ್ಲಿ ಮೈಟ್ರಲ್ ಬಾಗಿಲು 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತೆ. ಈ ಹುಡುಗಿಗೆ 0.9 ಉಳಿದಿದೆ. ಬಾಗಿಲಿನ ಕೀಲು ಸುಣ್ಣ ಕಟ್ಟಿ ಕಲ್ಲಾಗಿದೆ. ಅದನ್ನು ಯಾವ ಚಕ್ಕೆಯೂ ಕರಗಿಸಲ್ಲ, ನಾವು ಬರೆಯುವ ಮಾತ್ರೆಯೂ ಕರಗಿಸಲ್ಲ. ಮಾತ್ರೆಯಿಂದ ಶ್ವಾಸಕೋಶದ ನೀರು ಇಳಿಯುತ್ತೆ, ಬಡಿತ ನಿಧಾನ ಆಗುತ್ತೆ, ಅಷ್ಟೇ. ಮೂರು ತಿಂಗಳು ಕಾಯಿಸಿದರೆ ಶ್ವಾಸಕೋಶದ ಒತ್ತಡ ಏರಿ ಆಪರೇಷನ್ನಿನ ಅಪಾಯ ಜಾಸ್ತಿ ಆಗುತ್ತೆ. ಜೊತೆಗೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಯಾವ ಚೂರ್ಣವನ್ನೂ ಸೇರಿಸಬಾರದು.

ತಿಪಟೂರಿನವರೇ, ಒಂದು ಮಾತು. ಬಲೂನ್ ಆದ ಮೇಲೆ ತಂಗಿ 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ತಗೊಳ್ಳುತ್ತಿದ್ದರಾ?

ಕಲ್ಪತರು ತಿಪಟೂರು

ಮದುವೆ ತನಕ ತಗೊಂಡಳು ಮೇಡಂ. ಆಮೇಲೆ ನಿಂತುಹೋಯಿತು. ಗಂಡನ ಮನೆಯಲ್ಲಿ ಹೇಳಿಕೊಳ್ಳೋಕೆ ಮುಜುಗರ ಅಂತ ಬಿಟ್ಟಿದ್ದಳಂತೆ. ಮೊನ್ನೆ ಗೊತ್ತಾಯಿತು.

ಡಾಕ್ಟರಮ್ಮ ಕಲಬುರಗಿ

ನನ್ನ ಒಪಿಡಿಯಲ್ಲಿ ವಾರಕ್ಕೊಬ್ಬರಾದರೂ ಇದೇ ಕಥೆ ಹೇಳುತ್ತಾರೆ. ಬೈಯಬೇಡಿ ಅವರನ್ನು. ರುಮ್ಯಾಟಿಕ್ ಜ್ವರ ಮರುಕಳಿಸದಿರಲಿ ಅಂತ ಕೊಡೋದು ಅದು. ವಾಲ್ವ್ ಬದಲಿಸಿದ ಮೇಲೂ ಆ ಇಂಜೆಕ್ಷನ್ ಬೇಕು, ಕನಿಷ್ಠ 40 ವರ್ಷ ಆಗುವ ತನಕ. ಕೆಲವರಿಗೆ ಜೀವನಪೂರ್ತಿ. ಹಾಕೋದು ಹೊಸ ವಾಲ್ವೇ ಆದರೂ ಉಳಿದ ಮೂರು ಹಳೆಯವೇ ಅಲ್ವಾ?

ನ್ಯೂಜೆರ್ಸಿ ನಾಣಿ

ಎದೆ ಸೀಳದೆ ತೊಡೆಯಿಂದಲೇ ವಾಲ್ವ್ ಹಾಕುತ್ತಾರಲ್ಲ, ಟಾವಿ ಅಂತ? ನಮ್ಮ ತಂದೆಗೆ 78ನೇ ವಯಸ್ಸಲ್ಲಿ ಬೆಂಗಳೂರಿನಲ್ಲೇ ಮಾಡಿಸಿದೆವು. ನಾಲ್ಕನೇ ದಿನ ಮನೆಗೆ ಬಂದು ಕಾಫಿ ಸಕ್ಕರೆ ಕಡಿಮೆ ಆಯಿತು ಅಂತ ಅಮ್ಮನ ಜೊತೆ ಜಗಳ ಆಡಿದರು. 34 ವರ್ಷದ ಹುಡುಗಿಗೆ ಯಾಕೆ ಎದೆ ಸೀಳಿಸುತ್ತೀರಿ? ದುಡ್ಡಿನ ವಿಷಯ ಆದರೆ ಹೇಳಿ, ಇಲ್ಲಿ ನಮ್ಮ ಕೂಟದವರನ್ನು ಕೇಳಿ ನೋಡೋಣ.

ಓಟಿ ಕಿಟಕಿ

ನಾನು ಮಂಗಳೂರಿನಲ್ಲಿ ಹಾರ್ಟ್-ಲಂಗ್ ಮೆಷಿನ್ ನಡೆಸುವವನು. ಪರ್ಫ್ಯೂಷನಿಸ್ಟ್ ಅಂತಾರೆ. ನಾಣಿ ಸರ್, ನಿಮ್ಮ ಮನಸ್ಸು ದೊಡ್ಡದು. ಆದರೆ ಇಲ್ಲಿ ವಿಷಯ ದುಡ್ಡಿನದಲ್ಲ.

ಟಾವಿ ಇರೋದು ಅಯೋರ್ಟಿಕ್ ವಾಲ್ವಿಗೆ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಿಗೆ. ವಯಸ್ಸಾದವರಲ್ಲಿ ಅದು ಸುಣ್ಣ ಕಟ್ಟಿ ಕಿರಿದಾಗುತ್ತೆ. 2002ರಲ್ಲಿ ಫ್ರಾನ್ಸಿನ ರೂಆಂ ಊರಿನಲ್ಲಿ ಅಲಾಂ ಕ್ರಿಬಿಯೇ ಅನ್ನುವ ಡಾಕ್ಟರ್ ಮೊದಲು ಮಾಡಿದ್ದು. ಆ ಸುಣ್ಣದ ಉಂಗುರವೇ ಹೊಸ ವಾಲ್ವನ್ನು ಕಚ್ಚಿ ಹಿಡಿಯುತ್ತೆ. ನಿಮ್ಮ ತಂದೆಯವರಂಥವರಿಗೆ ಅದು ದೊಡ್ಡ ವರ. ಈಗ ಗುಜರಾತಿನ ವಾಪಿಯಲ್ಲಿ ತಯಾರಾಗುವ ದೇಶಿ ಟಾವಿ ವಾಲ್ವೂ ಇದೆ. ಮೈಟ್ರಲ್ ವಾಲ್ವಿನ ಆಕಾರವೇ ಬೇರೆ. ರುಮ್ಯಾಟಿಕ್ ಆಗಿ ಕುಗ್ಗಿದ ಮೈಟ್ರಲ್‌ಗೆ, ಅದೂ ಈ ವಯಸ್ಸಿನಲ್ಲಿ, ಇವತ್ತಿಗೆ ಓಪನ್ ಸರ್ಜರಿಯೇ ದಾರಿ.

ರಿಪೇರಿ ಆಗಲ್ವಾ ಅಂತ ಯಾರಾದರೂ ಕೇಳಬಹುದು. ವಾಲ್ವಿನ ರೆಕ್ಕೆ ಸಡಿಲವಾಗಿ ಲೀಕ್ ಆಗುವವರಿಗೆ ರಿಪೇರಿಯೇ ಮೊದಲ ಆಯ್ಕೆ. ಹೆಚ್ಚಾದದ್ದನ್ನು ಕತ್ತರಿಸಿ, ಸುತ್ತ ಒಂದು ಉಂಗುರ ಹೊಲಿದರೆ ಸ್ವಂತ ವಾಲ್ವೇ ಉಳಿಯುತ್ತೆ. ಬಟ್ಟೆ ಹಿಂಜಿದ್ದರೆ ಹೊಲಿಯಬಹುದು. ಇದು ಬೆಂದು ಮುದುಡಿದ ಬಟ್ಟೆ. ಕೆಲವು ನುರಿತ ಸರ್ಜನ್‌ಗಳು ರುಮ್ಯಾಟಿಕ್ ವಾಲ್ವನ್ನೂ ರಿಪೇರಿ ಮಾಡುತ್ತಾರೆ. ಆದರೆ ಕ್ಯಾಲ್ಸಿಯಂ ಕಟ್ಟಿದ ಮೇಲೆ ಕಷ್ಟ.

ಕಲ್ಪತರು ತಿಪಟೂರು

ಓಟಿ ಸರ್, ಒಳಗೆ ಏನು ಮಾಡುತ್ತಾರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ತಂಗಿ ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ.

ಓಟಿ ಕಿಟಕಿ

ಹೇಳುತ್ತೇನೆ. ಧೈರ್ಯ ಇಲ್ಲದವರು ಈ ಪೋಸ್ಟ್ ದಾಟಿಕೊಂಡು ಹೋಗಿ.

ಎದೆಯ ನಡುಮೂಳೆಯನ್ನು ಸಣ್ಣ ಗರಗಸದಿಂದ ಬಿಡಿಸುತ್ತಾರೆ. ಅದಕ್ಕೆ ಒಂದು ನಿಮಿಷವೂ ಬೇಡ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಆಮೇಲೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಸೆಕೆಂಡ್ ಹಿಡಿಯುತ್ತೆ ಅಂತ ನೋಡುತ್ತೇವೆ, ಅದಕ್ಕೆ ಎಸಿಟಿ ಅಂತಾರೆ. ನಮ್ಮಲ್ಲಿ ಅದು 480 ದಾಟಿದರೆ ಮಾತ್ರ ನಾನು ಪಂಪ್ ಶುರು ಮಾಡುತ್ತೇನೆ. ಅಲ್ಲಿಂದ ಮುಂದೆ ರೋಗಿಯ ಹೃದಯ, ಶ್ವಾಸಕೋಶ ಎರಡೂ ನನ್ನ ಮೆಷಿನ್. ಪೊಟ್ಯಾಸಿಯಂ ಇರುವ ತಣ್ಣನೆಯ ದ್ರಾವಣ ಬಿಟ್ಟರೆ ಹೃದಯ ನಿಲ್ಲುತ್ತೆ. ಮಾನಿಟರಿನಲ್ಲಿ ಗೆರೆ ನೇರ ಆಗುತ್ತೆ. ಹದಿನಾರು ವರ್ಷ ಆಯಿತು, ಆ ಕ್ಷಣದಲ್ಲಿ ಇವತ್ತಿಗೂ ನಾನು ಮಾತಾಡಲ್ಲ.

ಎಡ ಮೇಲ್ಕೋಣೆ ತೆರೆದು, ಹಾಳಾದ ವಾಲ್ವ್ ಕತ್ತರಿಸಿ ತೆಗೆಯುತ್ತಾರೆ. ಆದಷ್ಟು ಹಿಂದಿನ ರೆಕ್ಕೆಯನ್ನು ಅದರ ದಾರಗಳ ಸಮೇತ ಉಳಿಸುತ್ತಾರೆ, ಹೃದಯದ ಬಲ ಕುಂದದಿರಲಿ ಅಂತ. ಆಮೇಲೆ ಅಳತೆ. ಬಳೆ ಅಂಗಡಿಯಲ್ಲಿ ಕೈಗೆ ಬಳೆ ಇಟ್ಟು ನೋಡುತ್ತಾರಲ್ಲ, ಹಾಗೆ ಒಂದೊಂದೇ ಅಳತೆಯ ಅಚ್ಚು ಇಟ್ಟು ನೋಡುತ್ತಾರೆ. 25, 27, 29 ಮಿಲಿಮೀಟರ್ ಹೀಗೆ. ನಂತರ ಸುತ್ತಲೂ ಹನ್ನೆರಡರಿಂದ ಹದಿನಾರು ಹೊಲಿಗೆ. ಒಂದು ಹಸಿರು ದಾರ, ಒಂದು ಬಿಳಿ ದಾರ, ಸರದಿಯಂತೆ, ಒಂದಕ್ಕೊಂದು ಗೋಜಲಾಗದಿರಲಿ ಅಂತ. ಆಗ ಹೊಸ ವಾಲ್ವ್ ಎದೆಯಿಂದ ಒಂದು ಗೇಣು ಮೇಲೆ ಗಾಳಿಯಲ್ಲೇ ಇರುತ್ತೆ. ಎಲ್ಲಾ ದಾರಗಳನ್ನು ಅದರ ಅಂಚಿನ ಬಟ್ಟೆಯಲ್ಲಿ ಪೋಣಿಸಿ, ಒದ್ದೆ ಮಾಡಿ, ದಾರಗಳ ಗುಂಟ ಮೆಲ್ಲಗೆ ಜಾರಿಸಿ ಕೂರಿಸುತ್ತಾರೆ. ಪ್ರತಿ ದಾರಕ್ಕೂ ಆರೇಳು ಗಂಟು. ಎಎಫ್ ಇರುವವರಿಗೆ ಮೇಲ್ಕೋಣೆಯ ಪಕ್ಕದ ಕಿವಿಯಂಥ ಚೀಲವನ್ನೂ ಹೊಲಿದು ಮುಚ್ಚುವುದುಂಟು. ಹೆಪ್ಪು ಸಾಮಾನ್ಯವಾಗಿ ಕಟ್ಟೋದು ಅಲ್ಲೇ.

ಹೃದಯಕ್ಕೆ ರಕ್ತ ಹೋಗದಂತೆ ದೊಡ್ಡ ರಕ್ತನಾಳಕ್ಕೆ ಹಾಕಿದ್ದ ಕ್ಲಾಂಪ್ ಬಿಚ್ಚಿದ ಮೇಲೆ ಬೆಚ್ಚನೆಯ ರಕ್ತ ಹರಿಯುತ್ತೆ. ಎಷ್ಟೋ ಸಲ ಹೃದಯ ತಾನಾಗೇ ಬಡಿಯೋಕೆ ಶುರು ಮಾಡುತ್ತೆ.

ಈಗ ಕೆಲವು ಕಡೆ ಬಲ ಪಕ್ಕೆಯ ಸಣ್ಣ ಗಾಯದಿಂದಲೂ ಮೈಟ್ರಲ್ ಮಾಡುತ್ತಾರೆ, ನಡುಮೂಳೆ ಸೀಳದೆ. ಕಲೆ ಸಣ್ಣದು, ಬೇಗ ಚೇತರಿಕೆ. ಆದರೆ ಒಳಗೆ ಮಾಡುವ ಕೆಲಸ ಅದೇ. ನಿಮ್ಮ ಸರ್ಜನ್ ಬೇಡ ಅಂದರೆ ಹಟ ಮಾಡಬೇಡಿ.

ಟಿಕ್‌ಟಿಕ್ ಮೇಷ್ಟ್ರು

ಇಪ್ಪತ್ತೇಳು ವರ್ಷದ ಮೇಲೆ ನನ್ನೊಳಗೆ ಹಸಿರು ದಾರ ಇದೆ ಅಂತ ಇವತ್ತು ಗೊತ್ತಾಯಿತು.

ಕಾವೇರಿ ಕಣಿವೆ

ಟಿಶ್ಯೂ ವಾಲ್ವ್ ಹಾಕಿಸಿಕೊಂಡವಳು ನಾನು. ಇಲ್ಲಿ ಒಬ್ಬರೂ ಬರೆದಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

ನನಗೆ 26 ವರ್ಷ ಆಗಿದ್ದಾಗ ಮೈಟ್ರಲ್ ವಾಲ್ವ್ ಬದಲಿಸಿದರು. ಮದುವೆಯಾಗಿ ಎರಡು ವರ್ಷ ಆಗಿತ್ತು. ಮಗು ಬೇಕು ಅಂತ ನನಗೇ ಆಸೆ ಇತ್ತು. ಲೋಹದ ವಾಲ್ವ್ ಆದರೆ ವಾರ್ಫರಿನ್ ಬಿಡೋ ಹಾಗಿಲ್ಲ, ಅದು ಗರ್ಭದಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು, ಅದರಲ್ಲೂ 6ರಿಂದ 12ನೇ ವಾರ ಅಂದರು. ಮಾತ್ರೆ ಬಿಟ್ಟು ಹೆಪಾರಿನ್ ಚುಚ್ಚಿಕೊಂಡರೆ ಮಗುವಿಗೆ ಒಳ್ಳೆಯದು, ಆದರೆ ತಾಯಿಯ ವಾಲ್ವಿನಲ್ಲಿ ಹೆಪ್ಪು ಕಟ್ಟುವ ಭಯ ಜಾಸ್ತಿ. ಅಮ್ಮನಾ ಮಗುವಾ ಅಂತ ತಕ್ಕಡಿಯಲ್ಲಿ ತೂಗಿದ ಹಾಗೆ. ನಾನು ಟಿಶ್ಯೂ ಆರಿಸಿಕೊಂಡೆ. ಮೊದಲ ಮೂರು ತಿಂಗಳು ಮಾತ್ರೆ, ಆಮೇಲೆ ಬರೀ ಆಸ್ಪಿರಿನ್. ಎರಡು ಹೆರಿಗೆ ಆಯಿತು. ಇಬ್ಬರೂ ಚೆನ್ನಾಗಿದ್ದಾರೆ.

ಈಗ ಇನ್ನೊಂದು ಮುಖ. 37ಕ್ಕೆ ಮತ್ತೆ ಏದುಸಿರು. ವಾಲ್ವ್ ಗಟ್ಟಿಯಾಗಿ ಹರಿದಿತ್ತು. ಟಿಶ್ಯೂ ವಾಲ್ವ್ ಹತ್ತು ಹದಿನೈದು ವರ್ಷ ಅಂತಾರೆ, ಎಳೆ ವಯಸ್ಸಿನವರಲ್ಲಿ ಬೇಗ ಹಾಳಾಗುತ್ತೆ. ಎರಡನೇ ಆಪರೇಷನ್ ಮೊದಲಿನ ಹಾಗಲ್ಲ. ಹೃದಯ ಎದೆಮೂಳೆಯ ಹಿಂದೆ ಅಂಟಿಕೊಂಡಿರುತ್ತೆ, ಬಿಡಿಸೋಕೇ ಗಂಟೆಗಟ್ಟಲೆ. ಐಸಿಯುನಲ್ಲಿ ಹನ್ನೊಂದು ದಿನ ಇದ್ದೆ. ಮಕ್ಕಳಿಗೆ ಆಗ ಒಂಬತ್ತು, ಏಳು ವರ್ಷ. ಈ ಸಲ ಲೋಹದ್ದೇ ಹಾಕಿಸಿಕೊಂಡೆ.

ಪಶ್ಚಾತ್ತಾಪ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಆದರೆ ಹತ್ತು ವರ್ಷದ ಮೇಲೆ ಇನ್ನೊಂದು ಆಪರೇಷನ್ ಅಂತ ಗೊತ್ತಿದ್ದೇ ಸಹಿ ಹಾಕಿದ್ದೆ. ಯಾರೋ ನನ್ನ ಪರವಾಗಿ ಹಾಕಿದ್ದಲ್ಲ.

ಬಸ್ಸಾರು ಭಕ್ತ

ಮೇಡಂ, ತಪ್ಪು ತಿಳಿಯಬೇಡಿ. ಟಿಶ್ಯೂ ಅಂದರೆ ದನದ್ದು, ಹಂದಿದ್ದು ಅಂತಾರಲ್ಲ, ನಿಜಾನಾ? ನಮ್ಮ ಮನೆಯಲ್ಲಿ ಅತ್ತೆಗೆ ಹೇಳಿದರೆ ಆಪರೇಷನ್ನೇ ಬೇಡ ಅಂತಾರೆ.

ಕಾವೇರಿ ಕಣಿವೆ

ನಿಜ. ಹಂದಿಯ ಹೃದಯದ ವಾಲ್ವೇ ಇರಬಹುದು, ಇಲ್ಲಾ ದನದ ಹೃದಯದ ಸುತ್ತಲಿನ ಪೊರೆಯಿಂದ ಹೊಲಿದದ್ದು ಇರಬಹುದು. ನನ್ನದು ಪೊರೆಯದು. ರಾಸಾಯನಿಕದಲ್ಲಿ ಹದ ಮಾಡಿರುತ್ತಾರೆ, ಜೀವಕೋಶ ಬದುಕಿರಲ್ಲ. ನಮ್ಮ ಅಜ್ಜಿಗೆ ಹೇಳಿದಾಗ ಒಂದು ನಿಮಿಷ ಸುಮ್ಮನಿದ್ದು, "ಹಾಲು ಕುಡಿದು ಬೆಳೆದಿದ್ದೀಯ, ಇದೂ ಅವಳದೇ ಋಣ ಅಂದುಕೋ" ಅಂದರು. ಎಲ್ಲರ ಮನೆಯಲ್ಲಿ ಹೀಗೇ ಆಗಬೇಕು ಅಂತಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಸರ್ಜನ್‌ಗೆ ಮೊದಲೇ ನೇರವಾಗಿ ಹೇಳಿ. ಅವರು ದಿನಾ ಕೇಳುವ ಪ್ರಶ್ನೆ ಇದು, ಬೇಜಾರು ಮಾಡಿಕೊಳ್ಳಲ್ಲ.

ಡಾಕ್ಟರಮ್ಮ ಕಲಬುರಗಿ

ತಿಪಟೂರಿನವರೇ, ಮೊದಲ ಪೋಸ್ಟಿನಲ್ಲಿ ಒಂದು ಪದ ಬರೆದಿದ್ದೀರಿ, ಎಲ್ಲರೂ ದಾಟಿಕೊಂಡು ಹೋದರು. ಎಎಫ್.

ಟಿಶ್ಯೂ ವಾಲ್ವಿನ ದೊಡ್ಡ ಲಾಭವೇ ಮಾತ್ರೆ ಬೇಡ ಅನ್ನೋದು. ಎಎಫ್ ಇರುವವರ ಮೇಲ್ಕೋಣೆಯಲ್ಲಿ ವಾಲ್ವ್ ಯಾವುದೇ ಇರಲಿ, ಹೆಪ್ಪು ಕಟ್ಟುವ ಭಯ ಇದ್ದೇ ಇದೆ. ಅವರಿಗೆ ಹೇಗೂ ರಕ್ತ ತೆಳು ಮಾಡುವ ಮಾತ್ರೆ ಬೇಕು. ಹಾಗಾದರೆ ಟಿಶ್ಯೂ ಹಾಕಿಸಿಕೊಂಡು ಮಾತ್ರೆಯನ್ನೂ ನುಂಗಿ, ಹತ್ತು ವರ್ಷಕ್ಕೆ ಇನ್ನೊಂದು ಆಪರೇಷನ್ನನ್ನೂ ಮಾಡಿಸಿಕೊಳ್ಳೋದಾ ಅನ್ನೋ ಪ್ರಶ್ನೆ ಬರುತ್ತೆ. ಟಿಶ್ಯೂ ವಾಲ್ವ್ ಇದ್ದು ಎಎಫ್ ಇರುವವರಿಗೆ, ಪದೇ ಪದೇ ಟೆಸ್ಟ್ ಬೇಡದ ಹೊಸ ಮಾತ್ರೆಗಳನ್ನು ಕೊಡಬಹುದು, ಅದೊಂದು ಅನುಕೂಲ. ಲೋಹದ ವಾಲ್ವಿಗೆ ಮಾತ್ರ ಆ ಹೊಸ ಮಾತ್ರೆ ಖಂಡಿತ ಕೂಡದು. ಲೋಹದ ವಾಲ್ವಿನವರಿಗೆ ಡಾಬಿಗಟ್ರಾನ್ ಅನ್ನುವ ಅಂಥದೊಂದು ಮಾತ್ರೆ ಕೊಟ್ಟು ನೋಡಿದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿತ್ತು.

ವಯಸ್ಸಿನ ಲೆಕ್ಕ ಬೇಕಾದರೆ: ಅಮೆರಿಕದ ಮಾರ್ಗಸೂಚಿಯಲ್ಲಿ 50ರ ಒಳಗಿನವರಿಗೆ ಅಯೋರ್ಟಿಕ್ ಆದರೆ ಲೋಹದ್ದರ ಕಡೆ ಒಲವು, ಮೈಟ್ರಲ್ ಆದರೆ ಆ ಗೆರೆ 65ಕ್ಕೆ ಹೋಗುತ್ತೆ. ಇದರಲ್ಲಿ ಮಗು ಬೇಕು ಅನ್ನುವ ಹೆಣ್ಣುಮಕ್ಕಳ ಲೆಕ್ಕ ಬೇರೆಯೇ.

ಹಾಗಾಗಿ ಎಲ್ಲಾ ಬಂದು ನಿಲ್ಲೋದು ಒಂದೇ ಕಡೆ. ಅಪ್ಪ ಏನಂದರು ಬರೆದಿರಿ. ಅತ್ತೆ ಮನೆಯವರು ಏನಂದರು ಬರೆದಿರಿ. ಇನ್ನೊಂದು ಮಗು ವಿಷಯದಲ್ಲಿ ನಿಮ್ಮ ತಂಗಿ ಏನಂದರು?

ಕಲ್ಪತರು ತಿಪಟೂರು

ಮೇಡಂ, ನಿಜ ಹೇಳಬೇಕಂದರೆ ನಾನು ಕೇಳಿಲ್ಲ.

ಹುಬ್ಬಳ್ಳಿ ಗಿರಮಿಟ್

ಅವರು ಕೇಳಿಕೊಂಡು ಬರುವಷ್ಟರಲ್ಲಿ ನನ್ನದೂ ಒಂದಿಷ್ಟು ಬರೆಯುತ್ತೇನೆ. ಲೋಹದ ವಾಲ್ವ್ ಒಂದೇ ಸಲಕ್ಕೆ ಮುಗಿಯುತ್ತೆ ಅಂದರಲ್ಲ ಅವರ ಅಪ್ಪ, ಅದಕ್ಕೆ.

ನನ್ನ ಹೆಂಡತಿಗೆ ಆರು ವರ್ಷದ ಹಿಂದೆ ಲೋಹದ ಮೈಟ್ರಲ್ ಹಾಕಿದರು. ಹೋದ ವರ್ಷ ಹಲ್ಲು ನೋವು. ಒಂದು ಕ್ಲಿನಿಕ್ಕಿಗೆ ಹೋದೆವು. ಕೀಳಬೇಕು, ರಕ್ತ ನಿಲ್ಲಲ್ಲ, ಹತ್ತು ದಿನ ಆ ಮಾತ್ರೆ ನಿಲ್ಲಿಸಿ ಅಂದರು. ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಹಲ್ಲು ಕಿತ್ತರು, ಎಲ್ಲಾ ಸರಿ ಹೋಯಿತು.

ಹನ್ನೆರಡನೇ ದಿನ ರಾತ್ರಿ ಅವಳು ಎದ್ದು ಕೂತು, "ರೀ, ಸಪ್ಪಳ ಕೇಳಸವಲ್ದು ನೋಡ್ರಿ" ಅಂದಳು. ನಾನು ನಿದ್ದೆಗಣ್ಣಲ್ಲಿ, "ಚಲೋ ಆತು, ಮಲ್ಕೋ" ಅಂದೆ. ಇವತ್ತಿಗೂ ಆ ಮಾತು ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತೆ. ಬೆಳಗಿನ ಐದಕ್ಕೆ ಅವಳಿಗೆ ಉಸಿರು ಸಿಗುತ್ತಿಲ್ಲ. ಆಸ್ಪತ್ರೆಯಲ್ಲಿ ಎಕ್ಸರೇ ಟಿವಿಯಲ್ಲಿ ತೋರಿಸಿದರು. ಎರಡು ರೆಕ್ಕೆಯಲ್ಲಿ ಒಂದು ಟಪ ಟಪ ಅಂತ ಆಡುತ್ತಿದೆ. ಇನ್ನೊಂದು ಸುಮ್ನೆ ನಿಂತಿದೆ. ಹೆಪ್ಪು ಕಚ್ಚಿಕೊಂಡಿತ್ತು. ಹೆಪ್ಪು ಕರಗಿಸುವ ಔಷಧಿ ಡ್ರಿಪ್‌ನಲ್ಲಿ ಇಡೀ ದಿನ ಬಿಟ್ಟರು. ಮರುದಿನ ಎರಡೂ ಆಡುತ್ತಿದ್ದವು. ಎಲ್ಲರಿಗೂ ಹೀಗೆ ಕರಗಲ್ಲವಂತೆ. ಇಲ್ಲದಿದ್ದರೆ ಮತ್ತೆ ಎದೆ ತೆರೆಯಬೇಕಿತ್ತು.

ಸದ್ದು ಮಂದ ಆದರೆ ಅದು ಒಳ್ಳೆ ಸುದ್ದಿ ಅಲ್ಲ. ಇಷ್ಟು ತಿಳಿದಿರಲಿ.

ಡಾಕ್ಟರಮ್ಮ ಕಲಬುರಗಿ

ಗಿರಮಿಟ್ ಅವರೇ, ಬರೆದದ್ದು ಒಳ್ಳೆಯದಾಯಿತು. ಐಎನ್ಆರ್ ಸರಿಯಾದ ಮಟ್ಟದಲ್ಲಿದ್ದರೆ ಒಂದು ಹಲ್ಲು ಕೀಳೋಕೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವ ಅಗತ್ಯವೇ ಇಲ್ಲ. ಹತ್ತಿ ಒತ್ತಿ, ಬೇಕಾದರೆ ಹೊಲಿಗೆ ಹಾಕಿ ರಕ್ತ ನಿಲ್ಲಿಸುತ್ತಾರೆ. ಆದರೆ ಕೀಳುವ ಅರ್ಧ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಬೇಕೇ ಬೇಕು. ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ವಾಲ್ವ್ ಮೇಲೆ ಕೂತರೆ ಜೀವಕ್ಕೇ ಸಂಚಕಾರ. ಲೋಹ, ಟಿಶ್ಯೂ ಎರಡಕ್ಕೂ ಇದು ಒಂದೇ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಗೊಳ್ಳೋದೂ ಬೇಡ. ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆಯಲ್ಲಿ.

ಬಸ್ಸಾರು ಭಕ್ತ

ಸೊಪ್ಪು ತಿನ್ನಬಾರದು ಅಂತಾರಲ್ಲ ಮೇಡಂ? ನಮ್ಮ ಮಾವ ವಾಲ್ವ್ ಹಾಕಿಸಿಕೊಂಡ ಮೇಲೆ ಮನೆಯಲ್ಲಿ ಸೊಪ್ಪೇ ಬಂದ್. ಮುದ್ದೆಗೆ ಬೇಳೆ ಸಾರು, ಬೇಳೆ ಸಾರು, ಬೇಳೆ ಸಾರು.

ಟಿಕ್‌ಟಿಕ್ ಮೇಷ್ಟ್ರು

ಇದಕ್ಕೆ ನಾನು ಹೇಳುತ್ತೇನೆ, ಹನ್ನೊಂದು ನೋಟ್‌ಬುಕ್ಕಿನ ಅಧಿಕಾರದಿಂದ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಯ ಬಲ ಕುಗ್ಗಿಸುತ್ತೆ. ಹಾಗಂತ ಪೂರ್ತಿ ಬಿಡಬೇಕಿಲ್ಲ. ವಾರವಾರ ಹೆಚ್ಚು ಕಡಿಮೆ ಒಂದೇ ಅಳತೆ ತಿಂದರೆ ಡಾಕ್ಟರು ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತಾರೆ. ನಾನು ಮಂಗಳವಾರ, ಶುಕ್ರವಾರ ಸೊಪ್ಪಿನ ಸಾರು, ತಪ್ಪಿಸಲ್ಲ. ಕೆಡೋದು ಯಾವಾಗ ಗೊತ್ತಾ? ತಿಂಗಳೆಲ್ಲ ಬಿಟ್ಟು, ಮಳೆ ಬಂದು ನುಗ್ಗೆ ಚಿಗುರಿತು ಅಂತ ನಾಲ್ಕು ದಿನ ಅದನ್ನೇ ಉಂಡಾಗ. 2006ರ ನೋಟ್‌ಬುಕ್ಕಿನಲ್ಲಿ ಇದೆ: "1.4. ನುಗ್ಗೆ ಸೊಪ್ಪು." ಕೆಂಪು ಶಾಯಿಯಲ್ಲಿ. ಐಎನ್ಆರ್ ಅಷ್ಟು ಕೆಳಗಿಳಿದಿತ್ತು.

ನಿಮ್ಮ ಮಾವನಿಗೆ ಬಸ್ಸಾರು ಕೊಡಿ. ಮೊದಲು ಅವರ ಡಾಕ್ಟರಿಗೆ ಹೇಳಿ, ಒಂದು ಟೆಸ್ಟ್ ಮಾಡಿಸಿ.

ಓಟಿ ಕಿಟಕಿ

ಖರ್ಚಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾಲ್ಕು ಸಾಲು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ವಾಲ್ವ್ ಬದಲಾವಣೆ ಅದರಲ್ಲಿ ಬರುತ್ತೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗೋದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ. ಅಡ್ಮಿಟ್ ಆದ ಮೇಲೆ ಓಡಾಡಬೇಡಿ.

ಇನ್ನೊಂದು ವಿಷಯ, ಇದು ನನ್ನ ಇಷ್ಟದ್ದು. ಅಗ್ಗದ ದೇಶಿ ವಾಲ್ವ್ ಅಂತ ಯಾರಾದರೂ ಮೂಗು ಮುರಿದರೆ ಕಿವಿಗೆ ಹಾಕಿಕೊಳ್ಳಬೇಡಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ತಂಡದವರು ಮಾಡಿದ ಚಿತ್ರಾ ವಾಲ್ವ್ ಅದು. ಮೊದಲ ಮೂರು ಮಾದರಿ ಕೈಕೊಟ್ಟವು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಒಳಗೆ ಒಂದೇ ಬಿಲ್ಲೆ, ಅದೂ ಗಟ್ಟಿ ಪ್ಲಾಸ್ಟಿಕ್ಕಿನದು, ಹಾಗಾಗಿ ಸದ್ದು ಕಡಿಮೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದು ಇಲ್ಲೇ ನೆಲೆಸಿದರು. 2024ರಲ್ಲಿ ತೀರಿಕೊಂಡರು. ಆ ವಾರ ನಮ್ಮ ಓಟಿಯಲ್ಲಿ ಒಂದು ಚಿತ್ರಾ ವಾಲ್ವ್ ಹಾಕಿದೆವು. ಡಬ್ಬಿ ಬಿಚ್ಚುವಾಗ ಸರ್ಜನ್ ಒಂದು ಕ್ಷಣ ಕೈ ನಿಲ್ಲಿಸಿದರು. ಯಾರೂ ಏನೂ ಹೇಳಲಿಲ್ಲ.

ಕಲ್ಪತರು ತಿಪಟೂರು

ನಾಲ್ಕು ದಿನ ಆಯಿತು, ಕ್ಷಮಿಸಿ. ತುರುವೇಕೆರೆಗೆ ಹೋಗಿದ್ದೆ.

ತಂಗಿಯನ್ನು ತೋಟಕ್ಕೆ ಕರೆದುಕೊಂಡು ಹೋದೆ. ನಡೆಯೋಕೆ ಆಗಲ್ಲ, ಬೈಕಿನಲ್ಲಿ ಬದುವಿನ ತನಕ. ಮನೆಯಲ್ಲಿ ಗೋಡೆಗೂ ಕಿವಿ. ಕಾವೇರಿ ಮೇಡಂ ಬರೆದದ್ದನ್ನು ಓದಿ ಹೇಳಿದೆ. ಮೇಷ್ಟ್ರ ಗಡಿಯಾರದ ಕಥೆಗೆ ನಕ್ಕಳು, ನಕ್ಕು ಕೆಮ್ಮಿದಳು. ಆಮೇಲೆ ಕೇಳಿದೆ, ಇನ್ನೊಂದು ಮಗು ಬೇಕಾ ನಿನಗೆ ಅಂತ.

ತೆಂಗಿನ ಗರಿಯ ಕಡ್ಡಿ ಸಿಗಿಯುತ್ತಾ ಕೂತಿದ್ದಳು. "ಅಣ್ಣ, ಇವಳು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳಲ್ಲಿ ರಾತ್ರಿಯೆಲ್ಲ ಕೂತೇ ಇರುತ್ತಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಯಾರಿಗೂ ಹೇಳಲಿಲ್ಲ. ನನಗೆ ಒಬ್ಬಳೇ ಸಾಕು. ಅವಳು ಎಸ್ಸೆಸ್ಸೆಲ್ಸಿ ಬರೆಯುವಾಗ ನಾನು ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗೋದು ಬೇಡ" ಅಂದಳು. ಮಗಳಿಗೆ ಈಗ ಆರು.

ಸಂಜೆ ಅವಳ ಗಂಡನ ಹತ್ತಿರ ನಾನೇ ಮಾತಾಡಿದೆ. ಜಗಳ ಆಗುತ್ತೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಕೇಳಿ, "ನನಗೂ ಬೇಡ ಅಂತಲೇ ಇತ್ತು ಭಾವ, ಅಮ್ಮನ ಎದುರಿಗೆ ಹೇಳೋಕಾಗಲಿಲ್ಲ" ಅಂದರು. ಅವರ ಅಮ್ಮ ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಇರಲಿ.

ಐಎನ್ಆರ್‌ಗೆ ತಿಂಗಳಿಗೊಮ್ಮೆ ನಾನೇ ಬೈಕಿನಲ್ಲಿ ಕರೆದುಕೊಂಡು ಬರುತ್ತೇನೆ ಅಂತ ಒಪ್ಪಂದ ಆಗಿದೆ. ನಾಳಿದ್ದು ಸರ್ಜನ್ ಹತ್ತಿರ ಹೋಗುತ್ತಿದ್ದೇವೆ.

ಕಾವೇರಿ ಕಣಿವೆ

ತಂಗಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಆಪರೇಷನ್ ಆದ ಮೇಲೆ ಕೆಮ್ಮುವಾಗ ಎದೆಗೆ ದಿಂಬು ಅವುಚಿಕೊಳ್ಳಲಿ. ಮನೆಯಿಂದಲೇ ಒಂದು ಸಣ್ಣ ದಿಂಬು ತಗೊಂಡು ಹೋಗಲಿ, ಆಸ್ಪತ್ರೆಯದು ಮೆತ್ತಗಿರಲ್ಲ. ಮೂರು ತಿಂಗಳು ಬಿಂದಿಗೆ ಎತ್ತಬಾರದು, ಬಟ್ಟೆ ಹಿಂಡಬಾರದು. ಹಿಂಡು ಅಂತ ಯಾರಾದರೂ ಹೇಳಿದರೆ ನನ್ನ ನಂಬರ್ ಕೊಡಿ.

ಕಲ್ಪತರು ತಿಪಟೂರು

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ.

ಆಪರೇಷನ್ ಆಯಿತು. ಲೋಹದ್ದು, ಅಳತೆ 27. ಕಿವಿಯಂಥ ಚೀಲವನ್ನೂ ಹೊಲಿದರಂತೆ, ಓಟಿ ಸರ್ ಹೇಳಿದ ಹಾಗೇ. ಐಸಿಯುನಲ್ಲಿ ಮೂರು ದಿನ, ಒಟ್ಟು ಹತ್ತು ದಿನಕ್ಕೆ ಮನೆ. ಎಎಫ್ ಇನ್ನೂ ಹೋಗಿಲ್ಲ. ಗಾಯದ ಕೆಳತುದಿಯಲ್ಲಿ ಸ್ವಲ್ಪ ಕೀವು ಬಂದು ಒಂದು ವಾರ ಡ್ರೆಸ್ಸಿಂಗ್‌ಗೆ ಓಡಾಡಿದೆವು, ಈಗ ಒಣಗಿದೆ. ಒಂದೇ ದಿಂಬಿನಲ್ಲಿ ಮಲಗುತ್ತಿದ್ದಾಳೆ.

ಐಎನ್ಆರ್ ಮೊದಲ ವಾರ 1.7, ಆಮೇಲೆ 4.3, ಮತ್ತೆ 2.2, ಮೊನ್ನೆ 2.8. 2.5ರಿಂದ 3.5ರ ಒಳಗಿರಬೇಕು ಅಂದಿದ್ದಾರೆ. 4.3 ಬಂದ ದಿನ ನನಗೇ ಕೈ ನಡುಗಿತು, ಅವಳು ಆರಾಮಾಗಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದಳು.

ರಾತ್ರಿ ಮಗಳು ಅಮ್ಮನ ಎದೆಗೆ ಕಿವಿ ಇಟ್ಟು ಸದ್ದು ಎಣಿಸುತ್ತಾಳೆ. ನೂರರ ತನಕ ಬರಬೇಕಂತೆ, ಸ್ಕೂಲಿನಲ್ಲಿ ಹೇಳಿದ್ದಾರಂತೆ. ಎಪ್ಪತ್ತೊಂಬತ್ತು ಆದ ಮೇಲೆ ದಿನಾ ತೊಂಬತ್ತಕ್ಕೇ ಹಾರುತ್ತಾಳೆ.

ಮೇಷ್ಟ್ರೇ, ನಿಮ್ಮ ಹಾಗೇ ತಾರೀಖು, ಅಂಕಿ, ಮಾತ್ರೆ ಬರೆದಿಡೋಕೆ ಶುರು ಮಾಡಿದ್ದೇವೆ. ನೂರು ಪುಟದ ನೋಟ್‌ಬುಕ್ ತಂದಿದ್ದೇನೆ.

ಟಿಕ್‌ಟಿಕ್ ಮೇಷ್ಟ್ರು

ಇನ್ನೂರು ಪುಟದ್ದು ತರಬೇಕಿತ್ತು ಕಣಪ್ಪ.